ಕೀಲಿಕೈ ಯಾರ ಕೈಯಲ್ಲಿದೆ? ಕ್ರೈಸ್ತ ಸಭೆಯ ಏಕತೆ ಮತ್ತು ನಮ್ಮ ವಾದದ ದಿಕ್ಕು

ಅಲ್ಲಾಹನ ಪವಿತ್ರ ನಾಮದಿಂದ ಆರಂಭಿಸುತ್ತೇನೆ. ಅವನ ಅಂತಿಮ ಸಂದೇಶವಾಹಕರಾದ ಮುಹಮ್ಮದ್(ಸ)ರ ಮೇಲೂ ಈಸಾ(ಅ) ಸಹಿತ ಸಕಲ ಪ್ರವಾದಿಗಳ ಮೇಲೂ ಅವನ ಶಾಂತಿ ಇರಲಿ.

ಕ್ರೈಸ್ತ ಧರ್ಮದ ಕುರಿತು ಮಾತು ಬಂದಾಗಲೆಲ್ಲ ನಮ್ಮ ಯುವಕರು ಮೊದಲು ಕೈಗೆತ್ತಿಕೊಳ್ಳುವ ವಾದವೊಂದಿದೆ. “ಅವರಲ್ಲಿ ಲೆಕ್ಕವಿಲ್ಲದಷ್ಟು ಪಂಗಡಗಳಿವೆ, ಒಂದು ಸಭೆಯವರು ಇನ್ನೊಂದು ಸಭೆಯವರನ್ನು ಒಪ್ಪುವುದಿಲ್ಲ, ಸತ್ಯಧರ್ಮವಾಗಿದ್ದರೆ ಹೀಗೆ ಒಡೆಯುತ್ತಿತ್ತೇ?” ಎಂಬುದೇ ಆ ವಾದ. ಕೇಳಲು ಇದು ಹರಿತವಾಗಿದೆ. ಆದರೆ ಎದುರಿಗಿದ್ದ ಪಾದ್ರಿಯು ಶಾಂತವಾಗಿ, “ನಿಮ್ಮ ಊರಿನಲ್ಲಿ ಎಷ್ಟು ಮಸೀದಿಗಳಿವೆ? ಅವುಗಳಲ್ಲಿ ಒಬ್ಬ ಇಮಾಮರ ಹಿಂದೆ ಇನ್ನೊಂದು ಗುಂಪಿನವರು ನಮಾಝ್ ಮಾಡುತ್ತಾರೆಯೇ?” ಎಂದು ಕೇಳಿದರೆ ಆ ಯುವಕನ ಬಳಿ ಉತ್ತರವಿರುವುದಿಲ್ಲ. ಎರಡೂ ಕಡೆ ಸಮನಾಗಿ ಕತ್ತರಿಸುವ ಕತ್ತಿಯನ್ನು ಹಿಡಿದು ವಾದಕ್ಕಿಳಿಯುವುದು ಜಾಣತನವಲ್ಲ.

ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಗ್ರಂಥದವರೊಡನೆ ಅತ್ಯುತ್ತಮ ರೀತಿಯಲ್ಲೇ ಹೊರತು ವಾದಿಸಬಾರದೆಂದು ಪವಿತ್ರ ಕುರ್‌ಆನ್ (29:46) ನಮಗೆ ಆಜ್ಞಾಪಿಸಿದೆ. ಎದುರಾಳಿಯ ಮಾತನ್ನು, “ಹೌದು, ನಾನು ನಂಬುವುದು ಇದನ್ನೇ” ಎಂದು ಅವನೇ ಒಪ್ಪುವಂತೆ ಹೇಳಬಲ್ಲವನು ಮಾತ್ರ ಅತ್ಯುತ್ತಮ ರೀತಿಯಲ್ಲಿ ವಾದಿಸಬಲ್ಲನು. ಸಭೆಯ ಕುರಿತು ಕ್ರೈಸ್ತರು ನಿಜವಾಗಿ ಏನನ್ನು ಬೋಧಿಸುತ್ತಾರೆ ಎಂಬುದನ್ನು ಅರಿಯದೆ ಅದರ ಒಡಕುಗಳನ್ನು ಎಣಿಸುತ್ತಾ ಕುಳಿತವನು ಈ ಆಜ್ಞೆಯನ್ನು ಪಾಲಿಸಿದಂತಾಗುವುದಿಲ್ಲ.

ಆದ್ದರಿಂದ ಈ ಲೇಖನದ ನಿಲುವನ್ನು ಆರಂಭದಲ್ಲೇ ಸ್ಪಷ್ಟಪಡಿಸುತ್ತೇನೆ. ಕ್ರೈಸ್ತ ಸಭೆಯು ಒಡೆದಿದೆ ಎಂಬುದು ನಮ್ಮ ಆಕ್ಷೇಪವಾಗಬಾರದು. ಅದು ಒಡೆಯದೆ ಇಂದಿಗೂ ಅಖಂಡವಾಗಿದ್ದರೂ ನಮ್ಮ ಆಕ್ಷೇಪ ಹಾಗೆಯೇ ಉಳಿಯುತ್ತಿತ್ತು. ದೇವರ ಮತ್ತು ದಾಸನ ನಡುವೆ ಸಭೆಯೆಂಬ ಸಂಸ್ಥೆಗೆ ಅವರು ಕೊಟ್ಟಿರುವ ಸ್ಥಾನದ ಬಗ್ಗೆಯೇ ನಮ್ಮ ಮೂಲಭೂತ ಭಿನ್ನಾಭಿಪ್ರಾಯ.

ಸಭೆ ಎಂದರೆ ಕಟ್ಟಡವಲ್ಲ

ನಮ್ಮ ಆಡುಮಾತಿನಲ್ಲಿ ‘ಚರ್ಚು’ ಎಂದರೆ ಶಿಲುಬೆಯುಳ್ಳ ಕಟ್ಟಡ. ಮಂಗಳೂರಿನ ಕಡೆ ಅದಕ್ಕೆ ‘ಇಗರ್ಜಿ’ ಎಂಬ ಹೆಸರೂ ಇದೆ. ‘ಚರ್ಚು’ ಎಂಬುದರ ಮೂಲವು ‘ಪ್ರಭುವಿಗೆ ಸೇರಿದ್ದು’ ಎಂಬರ್ಥದ ಗ್ರೀಕ್ ಪದ. ‘ಇಗರ್ಜಿ’ ಎಂಬುದು ಪೋರ್ಚುಗೀಸರಿಂದ ಬಂದ ಶಬ್ದವಾಗಿದ್ದು, ಅದರ ಮೂಲ ‘ಎಕ್ಲೇಸಿಯಾ’ ಎಂಬ ಇನ್ನೊಂದು ಗ್ರೀಕ್ ಪದ. ಕರೆಯಲ್ಪಟ್ಟು ಕೂಡಿದ ಜನಸಮೂಹ ಎಂದು ಅದರ ಅರ್ಥ. ಕನ್ನಡ ಕ್ರೈಸ್ತರಲ್ಲಿ ಪ್ರೊಟೆಸ್ಟೆಂಟರು ‘ಸಭೆ’ ಎಂದೂ ಕಥೋಲಿಕರು ‘ಧರ್ಮಸಭೆ’ ಎಂದೂ ಹೇಳುವುದು ಈ ಎರಡನೆಯ ಅರ್ಥಕ್ಕೆ ಹತ್ತಿರವಾಗಿದೆ. ಮಸೀದಿ ಎಂಬ ಕಟ್ಟಡಕ್ಕೂ ಉಮ್ಮತ್ ಎಂಬ ಸಮುದಾಯಕ್ಕೂ ಇರುವ ವ್ಯತ್ಯಾಸವನ್ನು ಬಲ್ಲ ನಮಗೆ ಇಷ್ಟು ಅರ್ಥವಾಗಲು ಕಷ್ಟವಿಲ್ಲ.

ಆದರೆ ಹೋಲಿಕೆಯು ಇಲ್ಲಿಗೇ ನಿಲ್ಲುತ್ತದೆ. ಕ್ರೈಸ್ತ ಬೋಧನೆಯಲ್ಲಿ ಸಭೆಯೆಂಬುದು ಒಂದೇ ವಿಶ್ವಾಸವುಳ್ಳವರ ಒಕ್ಕೂಟವಷ್ಟೇ ಅಲ್ಲ. ಅದು ‘ಕ್ರಿಸ್ತನ ದೇಹ’. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯದಲ್ಲಿ ವಿಶ್ವಾಸಿಗಳನ್ನು ಒಂದೇ ದೇಹದ ಬೇರೆಬೇರೆ ಅಂಗಗಳೆಂದು ವಿವರಿಸುತ್ತಾನೆ. ಎಫೆಸದವರಿಗೆ ಬರೆದ ಪತ್ರವು ಕ್ರಿಸ್ತನನ್ನು ಆ ದೇಹದ ಶಿರಸ್ಸು ಎನ್ನುತ್ತದೆ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೆಸರಿನಲ್ಲಿ ಉಳಿದುಬಂದಿರುವ ವಿಶ್ವಾಸಪ್ರಮಾಣವು ಸಭೆಗೆ ನಾಲ್ಕು ಲಕ್ಷಣಗಳನ್ನು ಹೇಳುತ್ತದೆ: ಅದು ಏಕ, ಪವಿತ್ರ, ಸಾರ್ವತ್ರಿಕ ಮತ್ತು ಪ್ರೇಷಿತರ ಬುನಾದಿಯುಳ್ಳದ್ದು. ಇಂದಿಗೂ ರೋಮ್‌ನವರು, ಪೌರ್ವಾತ್ಯರು, ಹೆಚ್ಚಿನ ಹಳೆಯ ಪ್ರೊಟೆಸ್ಟೆಂಟ್ ಸಭೆಗಳವರು ಈ ಪ್ರಮಾಣವನ್ನು ಪಠಿಸುತ್ತಾರೆ. ದೇವರನ್ನು ನಂಬುತ್ತೇನೆ ಎಂದು ಹೇಳುವ ಅದೇ ಪ್ರಮಾಣದಲ್ಲಿ ಸಭೆಯನ್ನೂ ನಂಬುತ್ತೇನೆ ಎಂದು ಹೇಳುತ್ತಾರೆ ಎಂಬುದನ್ನು ಓದುಗರು ಗಮನಿಸಬೇಕು. ನಮ್ಮ ಈಮಾನಿನ ಆರು ಅಂಶಗಳಲ್ಲಿ ಉಮ್ಮತ್ ಇಲ್ಲ.

ಒಡಕು ಅವರಿಗೆ ಏಕೆ ಅಷ್ಟು ನೋವಿನ ವಿಷಯವೆಂಬುದು ಈಗ ತಿಳಿಯುತ್ತದೆ. ಸಂಘವೊಂದು ಎರಡಾದರೆ ಅದು ಜಗಳ; ದೇಹವು ಎರಡಾದರೆ ಅದು ಗಾಯ. ಕೊರಿಂಥದಲ್ಲಿ ಪೌಲನ ಪಕ್ಷ, ಅಪೊಲ್ಲೋಸನ ಪಕ್ಷ, ಕೇಫನ ಪಕ್ಷ ಎಂದು ಜನ ಬೇರೆಯಾದಾಗ, ಕ್ರಿಸ್ತನು ಹಂಚಿಹೋಗುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಸ್ವತಃ ಪೌಲನೇ ಎತ್ತಿದ್ದನು. ತನ್ನ ಅನುಯಾಯಿಗಳು ಒಂದಾಗಿರಲೆಂದು ಯೇಸುವು ಪ್ರಾರ್ಥಿಸಿದನೆಂದು ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯವು ಹೇಳುತ್ತದೆ. ನಾವು ಗೆಲುವಿನ ನಗೆಯೊಡನೆ ತೋರಿಸುವ ಆ ಒಡಕಿಗಾಗಿ ಅವರ ಚಿಂತಕರು ನಮಗಿಂತ ಬಹಳ ಮೊದಲೇ ಕಣ್ಣೀರು ಹಾಕಿದ್ದಾರೆ.

ಒಂದೇ ಮಾತು, ಮೂರು ಅರ್ಥ

‘ಸಭೆ ಒಂದೇ’ ಎಂದು ಎಲ್ಲರೂ ಹೇಳುತ್ತಾರೆ. ಆ ಒಂದು ಸಭೆ ಎಲ್ಲಿದೆ ಎಂಬ ಪ್ರಶ್ನೆಗೆ ಮುಖ್ಯವಾಗಿ ಮೂರು ಉತ್ತರಗಳಿವೆ.

ಮೊದಲನೆಯದು ರೋಮ್‌ನ ಉತ್ತರ. ಸಭೆಯು ಕಣ್ಣಿಗೆ ಕಾಣುವ ಒಂದು ಸಂಸ್ಥೆ. ಪೇತ್ರನ ಉತ್ತರಾಧಿಕಾರಿಯಾದ ಪೋಪರು ಅದರ ಏಕತೆಯ ಕೇಂದ್ರ. ಮತ್ತಾಯನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಸ್ವರ್ಗರಾಜ್ಯದ ಕೀಲಿಕೈಗಳನ್ನು ಪೇತ್ರನಿಗೆ ಕೊಡುವ ಮಾತು ಇದಕ್ಕೆ ಆಧಾರ. 1302ರಲ್ಲಿ ಪೋಪ್ ಎಂಟನೆಯ ಬೋನಿಫೇಸರು ಹೊರಡಿಸಿದ ಶಾಸನವು, ರೋಮ್‌ನ ಪೋಪರಿಗೆ ಅಧೀನನಾಗಿರುವುದು ಪ್ರತಿಯೊಬ್ಬ ಮನುಷ್ಯನ ಮುಕ್ತಿಗೂ ಅಗತ್ಯವೆಂದು ಸಾರಿತು. 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆಯು, ಪೋಪರು ತಮ್ಮ ಪೀಠದ ಪೂರ್ಣ ಅಧಿಕಾರದಿಂದ ವಿಶ್ವಾಸ ಹಾಗೂ ನೀತಿಯ ವಿಷಯದಲ್ಲಿ ವಿಧಿಸುವ ತೀರ್ಪು ದೋಷರಹಿತವೆಂದು ನಿರ್ಣಯಿಸಿತು.

ಎರಡನೆಯದು ಪೌರ್ವಾತ್ಯ ಆರ್ಥೊಡಾಕ್ಸ್ ಸಭೆಗಳ ಉತ್ತರ. ಏಕತೆಯು ಒಬ್ಬ ವ್ಯಕ್ತಿಯಲ್ಲಿಲ್ಲ. ಪುರಾತನ ಮಹಾಸಭೆಗಳ ವಿಶ್ವಾಸದಲ್ಲಿಯೂ ಬಿಷಪರು ಒಂದಾಗಿ ಆಚರಿಸುವ ಪ್ರಭುಭೋಜನದಲ್ಲಿಯೂ ಇದೆ. 1054ರಲ್ಲಿ ರೋಮ್‌ನ ಪ್ರತಿನಿಧಿಯಾಗಿದ್ದ ಕಾರ್ಡಿನಲ್ ಹಂಬರ್ಟರು ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾದ ವೇದಿಕೆಯ ಮೇಲೆ ಬಹಿಷ್ಕಾರ ಪತ್ರವನ್ನಿಟ್ಟರು. ಅಲ್ಲಿನ ಪೇಟ್ರಿಯಾರ್ಕರು ಪ್ರತಿಬಹಿಷ್ಕಾರ ಹಾಕಿದರು. 1204ರಲ್ಲಿ ಶಿಲುಬೆಯೋಧರು ಆ ಕ್ರೈಸ್ತ ನಗರವನ್ನೇ ಲೂಟಿ ಮಾಡಿದ ಮೇಲೆ ಬಿರುಕು ಮುಚ್ಚಲಾಗದಷ್ಟು ಅಗಲವಾಯಿತು. 1439ರಲ್ಲಿ ಫ್ಲಾರೆನ್ಸಿನಲ್ಲಿ ಐಕ್ಯವು ಕಾಗದದ ಮೇಲೆ ಘೋಷಣೆಯಾಯಿತಾದರೂ ಪೌರ್ವಾತ್ಯ ಜನಸಾಮಾನ್ಯರು ಅದನ್ನು ಒಪ್ಪಲಿಲ್ಲ. 1965ರ ಡಿಸೆಂಬರ್ 7ರಂದು ಎರಡೂ ಕಡೆಯವರು 1054ರ ಬಹಿಷ್ಕಾರಗಳನ್ನು ಸ್ಮೃತಿಯಿಂದ ಅಳಿಸುವುದಾಗಿ ಘೋಷಿಸಿದರು. ಆದರೂ ಇಂದಿಗೂ ಒಂದೇ ಪಂಕ್ತಿಯಲ್ಲಿ ಪ್ರಭುಭೋಜನ ಸ್ವೀಕರಿಸುವುದಿಲ್ಲ.

ಮೂರನೆಯದು ಪ್ರೊಟೆಸ್ಟೆಂಟರ ಉತ್ತರ. 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರದ ಪ್ರಕಾರ, ಸುವಾರ್ತೆಯು ಶುದ್ಧವಾಗಿ ಬೋಧಿಸಲ್ಪಟ್ಟು ಸಂಸ್ಕಾರಗಳು ಸರಿಯಾಗಿ ನಡೆಯುವ ವಿಶ್ವಾಸಿಗಳ ಕೂಟವೇ ಸಭೆ. ನಿಜವಾದ ಸದಸ್ಯರು ಯಾರೆಂಬುದು ದೇವರಿಗೆ ಮಾತ್ರ ಗೊತ್ತು. ಆ ಅರ್ಥದಲ್ಲಿ ನಿಜವಾದ ಏಕಸಭೆಯು ‘ಅದೃಶ್ಯ’. ಈ ಉತ್ತರದಲ್ಲಿ ನಮಗೆ ಹತ್ತಿರವಾದ ಅಂಶವಿದೆ. ಹೃದಯದ ಈಮಾನನ್ನು ಅಲ್ಲಾಹನು ಮಾತ್ರ ಬಲ್ಲನೆಂಬುದು ನಮ್ಮ ನಂಬಿಕೆಯೂ ಹೌದು. ಆದರೆ ‘ಶುದ್ಧವಾಗಿ’ ಮತ್ತು ‘ಸರಿಯಾಗಿ’ ಎಂಬುದನ್ನು ನಿರ್ಧರಿಸುವವರು ಯಾರು? 1529ರಲ್ಲಿ ಮಾರ್ಬುರ್ಗ್‌ನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಸಂಧಿಸಿ 15 ಅಂಶಗಳ ಪೈಕಿ 14ರಲ್ಲಿ ಒಪ್ಪಿಕೊಂಡರು. ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನು ಯಾವ ಬಗೆಯಲ್ಲಿ ಇದ್ದಾನೆ ಎಂಬ ಉಳಿದೊಂದು ಅಂಶದಲ್ಲಿ ಬೇರೆಯಾದರು. ಸುಧಾರಣೆ ಆರಂಭವಾದ ಹನ್ನೆರಡು ವರ್ಷಗಳಲ್ಲೇ ಸುಧಾರಕರು ಎರಡಾದರು.

ಈ ಮೂರು ಉತ್ತರಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಪರಸ್ಪರರ ದೀಕ್ಷಾಸ್ನಾನವನ್ನು ಇಂದು ಹೆಚ್ಚಿನ ಸಭೆಗಳು ಮಾನ್ಯ ಮಾಡುತ್ತವೆ. ಆದರೆ ಏಕತೆಯ ಸಂಸ್ಕಾರವೆಂದು ಅವರೇ ಕರೆಯುವ ಪ್ರಭುಭೋಜನದಲ್ಲೇ ಅವರು ಹೆಚ್ಚಾಗಿ ಬೇರೆಯಾಗುತ್ತಾರೆ. ಒಂದಾಗಿಸಬೇಕಾದ ಪಂಕ್ತಿಯೇ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ತೋರಿಸುವ ಗಡಿಯಾಗಿದೆ. ಇದು ಅವರ ಜನರ ದುರ್ಗುಣದ ಫಲವಲ್ಲ, ಸಿದ್ಧಾಂತದ ಫಲ. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪವಿತ್ರಗೊಳಿಸುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಎದ್ದ ಕೂಡಲೇ, ಅಧಿಕಾರವಿಲ್ಲದವನ ಪಂಕ್ತಿಯು ಅಮಾನ್ಯವಾಗಲೇಬೇಕಾಗುತ್ತದೆ.

ದಕ್ಷಿಣ ಭಾರತದ ಪ್ರಯತ್ನ

ಇದೇ ಪ್ರಶ್ನೆಯು ನಮ್ಮ ನೆಲದಲ್ಲಿ ಹೇಗೆ ಎದುರಾಯಿತು ಎಂಬುದನ್ನೂ ತಿಳಿಯುವುದು ಒಳ್ಳೆಯದು. ಯುರೋಪಿನಲ್ಲಿ ಹುಟ್ಟಿದ ಜಗಳಗಳನ್ನು ಭಾರತದ ವಿಶ್ವಾಸಿಗಳು ಏಕೆ ಹೊರಬೇಕು ಎಂದು ಕೇಳಿದವರಲ್ಲಿ ದೋರ್ಣಕಲ್‌ನ ಬಿಷಪ್ ವಿ. ಎಸ್. ಅಜರಯ್ಯ ಪ್ರಮುಖರು. 1912ರಲ್ಲಿ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾದರು. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಸಭಾಸೇವಕರು ಐಕ್ಯಕ್ಕೆ ಕರೆಕೊಟ್ಟರು. ಅಲ್ಲಿಂದ ಮಾತುಕತೆ ನಡೆದದ್ದು ಇಪ್ಪತ್ತೆಂಟು ವರ್ಷ. 1947ರ ಸೆಪ್ಟೆಂಬರ್ 27ರಂದು, ದೇಶವು ಸ್ವತಂತ್ರವಾದ ಆರು ವಾರಗಳ ಬಳಿಕ, ಮದರಾಸಿನ ಸಂತ ಜಾರ್ಜ್ ದೇವಾಲಯದಲ್ಲಿ ದಕ್ಷಿಣ ಭಾರತ ಸಭೆಯು ಅಸ್ತಿತ್ವಕ್ಕೆ ಬಂತು. ಆಂಗ್ಲಿಕನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನರು, ಕಾಂಗ್ರಿಗೇಷನಲಿಸ್ಟರು ಅದರಲ್ಲಿ ಒಂದಾದರು. ಅಜರಯ್ಯನವರು ಅದನ್ನು ನೋಡಲು ಬದುಕಿರಲಿಲ್ಲ. 1945ರ ಜನವರಿ 1ರಂದು ತೀರಿಕೊಂಡಿದ್ದರು.

ಕನ್ನಡ ನಾಡಿಗೂ ಇದರ ನಂಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡೂ ಪರಂಪರೆಯವರನ್ನು ಒಟ್ಟಿಗೆ ಕಳುಹಿಸಿದ ಸಂಸ್ಥೆ. ಮಾರ್ಬುರ್ಗ್‌ನಲ್ಲಿ ಬೇರೆಯಾದ ಎರಡು ಧಾರೆಗಳು ಮಂಗಳೂರಿನಲ್ಲಿ ಒಂದೇ ಸೂರಿನಡಿ ದುಡಿದವು. 1843ರಲ್ಲಿ ಮೋಗ್ಲಿಂಗರು ಹೊರತಂದ ‘ಮಂಗಳೂರ ಸಮಾಚಾರ’ವೂ 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟೂ ಆ ದುಡಿಮೆಯಿಂದಲೇ ಬಂದವು. ಕನ್ನಡದಲ್ಲಿ ಎರಡಕ್ಷರ ಬರೆಯುವ ಯಾರೂ ಆ ಋಣವನ್ನು ಮರೆಯಬಾರದು. ಬಾಸೆಲ್ ಮಿಷನ್ನಿನ ಸಭೆಗಳೂ ಕ್ರಮೇಣ ದಕ್ಷಿಣ ಭಾರತ ಸಭೆಯನ್ನು ಸೇರಿದವು.

ಇಷ್ಟೊಂದು ಸದ್ಭಾವನೆಯಿದ್ದರೂ ಮಾತುಕತೆ ಅಷ್ಟು ವರ್ಷ ಎಳೆದದ್ದೇಕೆ? ಮುಖ್ಯ ತೊಡಕು ಬಿಷಪರದ್ದು. ಬಿಷಪರ ಹಸ್ತಾರ್ಪಣೆಯಿಲ್ಲದೆ ನೇಮಕಗೊಂಡ ಪಾದ್ರಿಯು ನಡೆಸುವ ಸಂಸ್ಕಾರ ಸಿಂಧುವೇ ಎಂಬ ಪ್ರಶ್ನೆ. ಕೊನೆಗೆ, ಈಗಾಗಲೇ ಸೇವೆಯಲ್ಲಿರುವವರನ್ನೆಲ್ಲ ಒಪ್ಪಿಕೊಂಡು, ಮುಂದಿನ ನೇಮಕಗಳೆಲ್ಲ ಬಿಷಪರ ಕೈಯಿಂದಲೇ ಆಗಲಿ ಎಂಬ ಸಂಧಾನಕ್ಕೆ ಬರಲಾಯಿತು. ಆಂಗ್ಲಿಕನ್ ಲೋಕದಲ್ಲೇ ಆ ಸಂಧಾನದ ಬಗ್ಗೆ ಅನೇಕ ವರ್ಷ ವಿವಾದ ನಡೆಯಿತು. ಈ ಪ್ರಯತ್ನವನ್ನು ನಾನು ಗೌರವಿಸುತ್ತೇನೆ. ಆದರೆ ಸಂಬಂಧಪಟ್ಟವರೆಲ್ಲರೂ ಒಂದಾಗಬೇಕೆಂದು ಮನಃಪೂರ್ವಕ ಬಯಸಿದಾಗಲೂ ದಾರಿಗೆ ಅಡ್ಡ ಬಂದದ್ದು ಏನು ಎಂಬುದನ್ನು ನೋಡಿ: ಅಧಿಕಾರ ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬ ಪ್ರಶ್ನೆ. ಮತ್ತೆ ಅದೇ ಕೀಲಿಕೈ.

ನಮ್ಮ ನಿಜವಾದ ಆಕ್ಷೇಪ

ತಯ್ಯಿಅ್ ಗೋತ್ರದ ಅದೀ ಬಿನ್ ಹಾತಿಮ್(ರ) ಮೊದಲು ಕ್ರೈಸ್ತರಾಗಿದ್ದರು. ಕೊರಳಲ್ಲಿ ಚಿನ್ನದ ಶಿಲುಬೆ ಧರಿಸಿಕೊಂಡೇ ಅವರು ಪ್ರವಾದಿ(ಸ)ರ ಬಳಿಗೆ ಬಂದರೆಂದು ತಿರ್ಮಿದಿಯವರ ಹದೀಸ್ ಸಂಗ್ರಹದಲ್ಲಿದೆ. ಗ್ರಂಥದವರು ತಮ್ಮ ವಿದ್ವಾಂಸರನ್ನೂ ಸಂನ್ಯಾಸಿಗಳನ್ನೂ ಪ್ರಭುಗಳನ್ನಾಗಿ ಮಾಡಿಕೊಂಡರೆಂಬ ಅರ್ಥದ ಸೂಕ್ತವನ್ನು (9:31) ಪ್ರವಾದಿ(ಸ)ರು ಓದುತ್ತಿದ್ದರು. ಜನರು ಆ ವಿದ್ವಾಂಸರನ್ನು ಆರಾಧಿಸುತ್ತಿರಲಿಲ್ಲವಲ್ಲ ಎಂಬ ಶಂಕೆಗೆ ಪ್ರವಾದಿ(ಸ)ರಿಂದ ಬಂದ ವಿವರಣೆಯ ಸಾರ ಇಷ್ಟು: ಅವರು ಹಲಾಲ್ ಎಂದದ್ದನ್ನು ಜನ ಹಲಾಲ್ ಎಂದೂ, ಹರಾಮ್ ಎಂದದ್ದನ್ನು ಹರಾಮ್ ಎಂದೂ ಸ್ವೀಕರಿಸಿದರು, ಪ್ರಭುಗಳನ್ನಾಗಿ ಮಾಡಿಕೊಳ್ಳುವುದೆಂದರೆ ಅದೇ.

ಇಲ್ಲಿ ಒಡಕಿನ ಮಾತೇ ಇಲ್ಲ. ಸಭೆ ಒಂದಿರಲಿ, ನೂರಿರಲಿ, ಧರ್ಮವನ್ನು ವಿಧಿಸುವ ಹಕ್ಕನ್ನೂ ಪಾಪವನ್ನು ಕ್ಷಮಿಸುವ ಹಕ್ಕನ್ನೂ ಮನುಷ್ಯರಿಗೆ ಒಪ್ಪಿಸಲಾಗಿದೆಯೇ ಎಂಬುದೇ ಪ್ರಶ್ನೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ ಗುರುವಿನ ಮುಂದೆ ಪಾಪನಿವೇದನೆ ಮಾಡಲೇಬೇಕೆಂದು ವಿಧಿಸಿತು. ಕ್ಷಮಿಸುವವನು ದೇವರೇ, ಗುರುವು ಅವನ ಸಾಧನ ಮಾತ್ರ ಎಂದು ಕಥೋಲಿಕರು ವಿವರಿಸುತ್ತಾರೆ. ಆ ವಿವರಣೆಯನ್ನು ಮುಚ್ಚಿಟ್ಟು ವಾದಿಸುವುದು ತರವಲ್ಲ. ಆದರೂ ನಮ್ಮ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ: ಕರೆಯುವವನಿಗೆ ತಾನು ಸಮೀಪನೇ ಇದ್ದೇನೆಂದು ಹೇಳಿದ ಪ್ರಭುವಿಗೆ (2:186) ಸಾಧನದ ಅಗತ್ಯವೇನು? ಪಾಪ ಮಾಡಿದ ದಾಸನು ನಡುರಾತ್ರಿ ಎದ್ದು ವುಝೂ ಮಾಡಿ ಎರಡು ರಕಅತ್ ನಮಾಝ್ ನಿರ್ವಹಿಸಿ ಕಣ್ಣೀರಿಟ್ಟರೆ ಅವನ ತೌಬಾಕ್ಕೆ ಯಾವ ಉಸ್ತಾದರ ಸಹಿಯೂ ಬೇಕಿಲ್ಲ.

ಇದರ ಬೇರು ಇನ್ನೂ ಆಳದಲ್ಲಿದೆ. ದೇವಪುತ್ರನು ಮನುಷ್ಯದೇಹ ತಾಳಿದನೆಂದು ಒಪ್ಪಿದವರು, ಆ ದೇಹವು ಭೂಮಿಯ ಮೇಲೆ ಇನ್ನೊಂದು ರೂಪದಲ್ಲಿ ಉಳಿದಿದೆ ಎಂದು ಹೇಳುವುದು ಸಹಜವೇ. 19ನೆಯ ಶತಮಾನದ ಜರ್ಮನ್ ಕಥೋಲಿಕ ಚಿಂತಕ ಯೋಹಾನ್ ಆಡಂ ಮೋಹ್ಲರ್ ಸಭೆಯನ್ನು ಆ ದೇಹಧಾರಣೆಯ ಮುಂದುವರಿಕೆಯೆಂದೇ ವಿವರಿಸಿದರು. ಪ್ರೊಟೆಸ್ಟೆಂಟರು ಅಷ್ಟು ದೂರ ಹೋಗುವುದಿಲ್ಲವಾದರೂ ‘ಕ್ರಿಸ್ತನ ದೇಹ’ ಎಂಬ ಮಾತನ್ನು ಬಿಡಲಾರರು. ಆದ್ದರಿಂದ ಸಭೆಯ ಕುರಿತಾದ ನಮ್ಮ ಭಿನ್ನಾಭಿಪ್ರಾಯವು ಈಸಾ(ಅ)ರ ಕುರಿತಾದ ಭಿನ್ನಾಭಿಪ್ರಾಯದ್ದೇ ಇನ್ನೊಂದು ಮುಖ. ಈಸಾ(ಅ) ಅಲ್ಲಾಹನ ದಾಸರು, ಅವನ ಸಂದೇಶವಾಹಕರು. ಅವರ ಹವಾರಿಗಳು ಅಲ್ಲಾಹನ ಮಾರ್ಗದಲ್ಲಿ ಸಹಾಯಕರಾಗಿ ನಿಂತವರು (3:52, 61:14). ಸಹಾಯಕರಿಗೆ ಕೀಲಿಕೈ ಇರುವುದಿಲ್ಲ, ಹೊಣೆ ಮಾತ್ರ ಇರುತ್ತದೆ. ಗ್ರಂಥವನ್ನೂ ಪ್ರವಾದಿತ್ವವನ್ನೂ ಪಡೆದ ಯಾವ ಮನುಷ್ಯನೂ ಜನರನ್ನು ತನ್ನ ದಾಸರಾಗುವಂತೆ ಕರೆಯಲಾರನೆಂದು ಕುರ್‌ಆನ್ (3:79) ಹೇಳುವಾಗ ಈ ಇಡೀ ಚರ್ಚೆಗೆ ತೆರೆ ಬೀಳುತ್ತದೆ.

ಬಲವಂತದ ಏಕತೆ

ಏಕತೆಯನ್ನು ಸಂಸ್ಥೆಯೊಂದು ಕಾಯಬೇಕೆಂದಾದರೆ ಒಂದಲ್ಲ ಒಂದು ದಿನ ಅದು ರಾಜನ ಖಡ್ಗವನ್ನು ಬೇಡುತ್ತದೆ. 325ರ ನೈಸಿಯಾ ಮಹಾಸಭೆಯನ್ನು ಕರೆದವನು ಚಕ್ರವರ್ತಿ ಕಾನ್‌ಸ್ಟಾಂಟಿನ್. ಅವನು ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. 451ರ ಕ್ಯಾಲ್ಸಿಡಾನ್ ಮಹಾಸಭೆಯು ಕ್ರಿಸ್ತನ ಎರಡು ಸ್ವಭಾವಗಳ ಕುರಿತು ಕೊಟ್ಟ ತೀರ್ಪನ್ನು ಈಜಿಪ್ಟಿನ ಕೋಪ್ಟರು ಒಪ್ಪಲಿಲ್ಲ. ಮುಂದೆ ಏಳನೆಯ ಶತಮಾನದಲ್ಲಿ ಚಕ್ರವರ್ತಿ ಹೆರಾಕ್ಲಿಯಸ್ ನೇಮಿಸಿದ ಸೈರಸ್ ಅಲ್ಲಿ ಐಕ್ಯವನ್ನು ಬಲದಿಂದ ಹೇರಿದಾಗ ಕೋಪ್ಟರ ಪೇಟ್ರಿಯಾರ್ಕ್ ಬೆಂಜಮಿನ್ ತಮ್ಮ ನಾಡಿನಲ್ಲೇ ತಲೆಮರೆಸಿಕೊಳ್ಳಬೇಕಾಯಿತು. ಅಮ್ರ್ ಬಿನ್ ಆಸ್(ರ) ಅಭಯಪತ್ರ ಕೊಟ್ಟ ಬಳಿಕ ಅವರು ಬಹಿರಂಗವಾಗಿ ಮರಳಿದರು. ಇದನ್ನು ದಾಖಲಿಸಿದ್ದು ಕೋಪ್ಟರದ್ದೇ ಇತಿಹಾಸ. ಮುಂದಿನ ಮುಸ್ಲಿಮ್ ಅರಸರೆಲ್ಲರೂ ಹೀಗೆಯೇ ನಡೆದುಕೊಂಡರೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ.

ನಮ್ಮಲ್ಲೂ ಒಬ್ಬ ಅರಸನು ಇದೇ ದಾರಿ ಹಿಡಿದಿದ್ದನು. ಕುರ್‌ಆನ್ ಸೃಷ್ಟಿಸಲ್ಪಟ್ಟದ್ದು ಎಂಬ ಸಿದ್ಧಾಂತವನ್ನು ಖಲೀಫ ಮಅ್‌ಮೂನ್ 833ರಲ್ಲಿ ಖಾಝಿಗಳ ಮೇಲೂ ವಿದ್ವಾಂಸರ ಮೇಲೂ ಹೇರಿದನು. ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಸೆರೆವಾಸವನ್ನೂ ಚಾಟಿಯೇಟನ್ನೂ ಸಹಿಸಿದರು. ಕುರ್‌ಆನ್ ಅಥವಾ ಸುನ್ನತ್‌ನಿಂದ ಪುರಾವೆ ಕೊಡಿ ಎಂಬ ಒಂದೇ ಮಾತಿಗೆ ಅಂಟಿಕೊಂಡರು. ಖಲೀಫ ಮುತವಕ್ಕಿಲನ ಕಾಲದಲ್ಲಿ ಆ ಪರೀಕ್ಷೆ ನಿಂತುಹೋಯಿತು. ಖಲೀಫನ ಬಳಿ ಸೆರೆಮನೆಯಿತ್ತು, ಆದರೆ ಅಖೀದಾವನ್ನು ವಿಧಿಸುವ ಪೀಠವಿರಲಿಲ್ಲ. ಅದಕ್ಕೂ ಮೊದಲು, ಇಮಾಮ್ ಮಾಲಿಕ್(ರ)ರ ‘ಮುವತ್ತಾ’ ಗ್ರಂಥವನ್ನು ಇಡೀ ಸಾಮ್ರಾಜ್ಯಕ್ಕೆ ಕಡ್ಡಾಯಗೊಳಿಸುವ ಆಲೋಚನೆ ಅಬ್ಬಾಸಿ ಆಸ್ಥಾನದಿಂದ ಬಂದಾಗ ಸ್ವತಃ ಮಾಲಿಕ್(ರ) ಬೇಡವೆಂದರು. ಸಹಾಬಿಗಳು ನಾನಾ ನಾಡುಗಳಿಗೆ ಚದುರಿದ್ದಾರೆ, ಪ್ರತಿ ನಾಡಿನವರ ಬಳಿಯೂ ಅವರಿಂದ ಬಂದ ಜ್ಞಾನವಿದೆ ಎಂಬುದು ಅವರ ಕಾರಣ. ತನ್ನ ಗ್ರಂಥವೇ ಕಾನೂನಾಗುವ ಅವಕಾಶವನ್ನು ಬೇಡವೆಂದ ವಿದ್ವಾಂಸನ ಧರ್ಮ ನಮ್ಮದು.

ಒಂದು ಮರುಪ್ರಶ್ನೆ

ವಿದ್ಯಾವಂತ ಕ್ರೈಸ್ತನು ಇಲ್ಲಿ ತಡೆದು ಕೇಳಬಹುದು: “ನಿಮ್ಮ ಸಮುದಾಯವು ದಾರಿತಪ್ಪುವುದರಲ್ಲಿ ಒಮ್ಮತಕ್ಕೆ ಬರುವುದಿಲ್ಲವೆಂದು ನಿಮ್ಮ ಹದೀಸೇ ಹೇಳುತ್ತದೆ. ಇಜ್ಮಾಅನ್ನು ನೀವು ಪ್ರಮಾಣವೆನ್ನುತ್ತೀರಿ. ನಾವು ಸಭೆಗೆ ಕೊಟ್ಟ ಸ್ಥಾನವನ್ನೇ ನೀವು ಉಮ್ಮತ್‌ಗೆ ಕೊಟ್ಟಂತಾಗಲಿಲ್ಲವೇ?”

ಇದು ತೂಕವುಳ್ಳ ಪ್ರಶ್ನೆ. ಸುನ್ನಿ ವಿದ್ವಾಂಸರ ಪರಂಪರೆಯಿಂದ ಇದಕ್ಕೆ ಮೂರು ಉತ್ತರಗಳಿವೆ. ಮೊದಲನೆಯದಾಗಿ, ಇಜ್ಮಾಅ್ ಗ್ರಂಥ ಮತ್ತು ಸುನ್ನತ್‌ನ ಅರ್ಥವನ್ನು ದೃಢಪಡಿಸುತ್ತದೆ; ಅವುಗಳಲ್ಲಿ ಬೇರಿಲ್ಲದ ಹೊಸ ಅಖೀದಾವನ್ನು ಘೋಷಿಸುವ ಪೀಠ ಅದಲ್ಲ. ಎರಡನೆಯದಾಗಿ, ಅದಕ್ಕೆ ಅಧ್ಯಕ್ಷರಿಲ್ಲ, ಮುದ್ರೆಯಿಲ್ಲ, ಬಹಿಷ್ಕಾರ ಪತ್ರವಿಲ್ಲ. ಮೂರನೆಯದಾಗಿ, ಇಮಾಮರ ಕೈಯಿಂದ ಇಮಾಮರ ಕೈಗೆ ದಾಟುವ ಯಾವ ಸಂಸ್ಕಾರಶಕ್ತಿಯೂ ನಮ್ಮಲ್ಲಿಲ್ಲ. ಕುರ್‌ಆನ್ ಬಲ್ಲ ಕೂಲಿಯಾಳು ಮುಂದೆ ನಿಂತರೆ ಅರಸನೂ ಅವನ ಹಿಂದೆ ನಿಲ್ಲಬೇಕು. ನಮ್ಮ ಉಮ್ಮತ್ ಸಿಫ್ಫೀನ್‌ನ ರಣರಂಗದಲ್ಲಿ ರಕ್ತ ಹರಿಸಿದೆ, ಪಂಗಡಗಳಾಗಿ ಒಡೆದಿದೆ. ಅದು ನಮ್ಮ ಪಾಪ. ಆದರೆ ಉಮ್ಮತ್ ದಾಸರ ಸಮೂಹವೇ ಹೊರತು ದೇವರ ದೇಹವಲ್ಲವಾದ್ದರಿಂದ ಅದರ ಒಡಕು ಅಲ್ಲಾಹನ ಏಕತೆಗೆ ಕಲೆಯಾಗುವುದಿಲ್ಲ. ನಮ್ಮ ಏಕತೆಯ ಬುನಾದಿ ತೌಹೀದ್. ನಾವು ಎಷ್ಟೇ ಕೆಟ್ಟರೂ ಆ ಬುನಾದಿ ಅಲುಗದು.

ನಮ್ಮ ಸೊಂಟದಲ್ಲಿರುವ ಕೀಲಿಕೈ ಗೊಂಚಲು

ಪ್ರಿಯ ಓದುಗರೇ, ವಾದವು ಇಲ್ಲಿಗೆ ಮುಗಿದರೆ ನಮಗೆ ಹಿತವಾಗಿರುತ್ತಿತ್ತು. ಆದರೆ ಅದೀ ಬಿನ್ ಹಾತಿಮ್(ರ)ರಿಗೆ ದೊರೆತ ಉತ್ತರವು ಕ್ರೈಸ್ತರಿಗೆ ಮಾತ್ರ ಮೀಸಲಾದದ್ದಲ್ಲ. ಪೋಪರಿಲ್ಲದ ಧರ್ಮದಲ್ಲಿ ಊರಿಗೊಬ್ಬ ಪೋಪರನ್ನು ನಾವು ಮಾಡಿಕೊಂಡಿಲ್ಲವೇ?

“ಈ ಮಸೀದಿಯಲ್ಲಿ ಇಂಥ ಜಮಾಅತಿನವರಿಗೆ ಪ್ರವೇಶವಿಲ್ಲ” ಎಂದು ಅಲ್ಲಾಹನ ಭವನದ ಬಾಗಿಲಲ್ಲಿ ಫಲಕ ತೂಗುಹಾಕುವವರಿಗೆ ಆ ಅಧಿಕಾರ ಕೊಟ್ಟವರು ಯಾರು? ಆಡಳಿತ ಸಮಿತಿಯ ಚುನಾವಣೆಯಲ್ಲಿ ಎದುರು ನಿಂತವನ ಮಗಳ ನಿಕಾಹ್‌ಗೆ ದಫ್ತರು ಕೊಡದಿರುವುದು ಯಾವ ಸುನ್ನತ್? ವಂತಿಗೆ ಬಾಕಿಯಿದೆಯೆಂದು ಅಥವಾ ಬೇರೆ ಸಂಘಟನೆಯವನೆಂದು ಮಯ್ಯಿತ್‌ಗೆ ಕಬರಸ್ಥಾನದಲ್ಲಿ ಜಾಗ ನಿರಾಕರಿಸುವುದು, ಸಲಾಮ್‌ಗೆ ಮಾರುತ್ತರ ಕೊಡದಂತೆ ಕುಟುಂಬಗಳಿಗೆ ತಾಕೀತು ಮಾಡುವುದು, ವೇದಿಕೆಯ ಮೇಲಿಂದ ಸಹೋದರ ಮುಸ್ಲಿಮನನ್ನು ಕಾಫಿರನೆಂದು ಘೋಷಿಸುವುದು, ಇವೆಲ್ಲ ಬಹಿಷ್ಕಾರ ಪತ್ರವಲ್ಲದೆ ಮತ್ತೇನು? ಹಂಬರ್ಟರು ತಮ್ಮ ಸಿದ್ಧಾಂತದ ಪ್ರಕಾರ ತಮಗೆ ಅಧಿಕಾರವಿದೆಯೆಂದು ನಂಬಿ ಆ ಪತ್ರವನ್ನಿಟ್ಟರು. ನಮಗೆ ಆ ನೆಪವೂ ಇಲ್ಲ. ನಮ್ಮ ಧರ್ಮದಲ್ಲಿ ಆ ಕೀಲಿಕೈಯೇ ಇಲ್ಲ. ಆದರೂ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತೇವೆ.

ಇದರ ಬೆಲೆ ತೆರುವವರು ನಮ್ಮ ಮಕ್ಕಳು. “ಉಸ್ತಾದರೇ, ಅಜ್ಜಿಯ ಮನೆಯವರ ಮಸೀದಿಗೆ ಹೋದರೆ ನಮ್ಮ ನಮಾಝ್ ಆಗುತ್ತದೆಯೇ?” ಎಂದು ಹತ್ತು ವರ್ಷದ ಮಗು ಮದ್ರಸದಲ್ಲಿ ಕೇಳುತ್ತದೆ. ಅಜ್ಜಿಯು ಯಾವ ಕಿಬ್ಲಾದೆಡೆಗೆ ತಿರುಗಿ ನಮಾಝ್ ಮಾಡುತ್ತಾಳೋ ಅದೇ ಕಿಬ್ಲಾ ತನ್ನದೂ ಹೌದೆಂಬುದು ಆ ಮಗುವಿಗೆ ಅನುಮಾನವಾಗುವಂತೆ ಮಾಡಿದವರು ಕ್ರೈಸ್ತರಲ್ಲ. ಇಂಥ ಮನೆಯಲ್ಲಿ ಬೆಳೆದ ಹುಡುಗನು ನಾಳೆ ಕಾಲೇಜಿನಲ್ಲಿ ಕ್ರೈಸ್ತ ಗೆಳೆಯನೊಡನೆ ಪಂಗಡಗಳ ಲೆಕ್ಕ ಹಾಕಲು ಹೊರಟರೆ ಅವನ ಮಾತನ್ನು ಯಾರು ನಂಬಿಯಾರು?

ನಾನು ಹೇಳುವುದು ಸಿದ್ಧಾಂತದ ಭೇದಗಳನ್ನೆಲ್ಲ ಮುಚ್ಚಿಹಾಕಿ ಎಂದಲ್ಲ. ಫಿಕ್ಹ್‌ನಲ್ಲಿ ಭಿನ್ನಾಭಿಪ್ರಾಯವಿರಲಿ; ತಪ್ಪನ್ನು ತಪ್ಪೆಂದು ಪುರಾವೆಯೊಡನೆ ಹೇಳೋಣ. ಆದರೆ ಸಫ್ಫ್‌ನಲ್ಲಿ ಭುಜಕ್ಕೆ ಭುಜ ಸೇರಿಸಿ ನಿಲ್ಲುವ ಹಕ್ಕನ್ನು, ಸಲಾಮ್‌ನ ಹಕ್ಕನ್ನು, ಜನಾಝಾದ ಹಕ್ಕನ್ನು ಯಾರಿಂದಲೂ ಕಸಿದುಕೊಳ್ಳದಿರೋಣ. ಕ್ರೈಸ್ತರಿಗೆ ಪ್ರಭುಭೋಜನದ ಪಂಕ್ತಿಯು ಗಡಿಯಾದದ್ದು ಅವರ ಸಿದ್ಧಾಂತದಿಂದ. ನಮ್ಮ ಸಫ್ಫ್ ಗಡಿಯಾದರೆ ಅದು ನಮ್ಮ ಸಿದ್ಧಾಂತಕ್ಕೆ ನಾವೇ ಬಗೆದ ದ್ರೋಹ.

ನಜ್ರಾನ್‌ನ ಕ್ರೈಸ್ತ ನಿಯೋಗವು 

ಮದೀನಾಕ್ಕೆ ಬಂದಾಗ ಪ್ರವಾದಿ(ಸ)ರು ಅವರನ್ನು ತಮ್ಮ ಮಸೀದಿಯಲ್ಲೇ ಬರಮಾಡಿಕೊಂಡರೆಂದೂ, ಪ್ರಾರ್ಥನೆಯ ಸಮಯವಾದಾಗ ಅವರು ಅಲ್ಲಿಯೇ ತಮ್ಮ ಪ್ರಾರ್ಥನೆ ಸಲ್ಲಿಸಲು ಬಿಟ್ಟರೆಂದೂ ಸೀರಾ ಗ್ರಂಥಗಳಲ್ಲಿದೆ. ಆಮೇಲೆ ಈಸಾ(ಅ)ರ ಕುರಿತ ವಾದವೂ ನಡೆಯಿತು, ಅದರಲ್ಲಿ ಯಾವ ರಾಜಿಯೂ ಆಗಲಿಲ್ಲ. ಬಾಗಿಲು ತೆರೆದಿಟ್ಟು ಸತ್ಯವನ್ನು ನೇರವಾಗಿ ಹೇಳಿದ ಆ ಮಾದರಿ ನಮ್ಮ ಮುಂದಿದೆ. ಕ್ರೈಸ್ತ ನೆರೆಯವರನ್ನು ಅಲ್ಲಾಹನೊಬ್ಬನ ಆರಾಧನೆಯೆಂಬ ಸಮಾನ ಮಾತಿನೆಡೆಗೆ (3:64) ಕರೆಯಬೇಕಾದವರು ನಾವು. ಹಾಗೆ ಕರೆಯುವ ಮೊದಲು ನಮ್ಮ ಮಸೀದಿಯ ಬಾಗಿಲಲ್ಲಿರುವ ಫಲಕವನ್ನು ಕೆಳಗಿಳಿಸೋಣ.

ದಾಸರ ಮತ್ತು ತನ್ನ ನಡುವೆ ಯಾವ ಕಾವಲುಗಾರನನ್ನೂ ನಿಲ್ಲಿಸದ ಅಲ್ಲಾಹನು, ನಾವೇ ಕಾವಲುಗಾರರಾಗಿ ನಿಲ್ಲುವ ಅಹಂಕಾರದಿಂದ ನಮ್ಮನ್ನು ಕಾಪಾಡಲಿ. ಸತ್ಯವನ್ನು ಸತ್ಯವಾಗಿ ಕಂಡು ಅನುಸರಿಸುವ ಭಾಗ್ಯವನ್ನು ನಮಗೂ ನಮ್ಮ ನೆರೆಹೊರೆಯವರಿಗೂ ಕರುಣಿಸಲಿ. ಆಮೀನ್.